ಶಾಪ ಹೇಳಿ, ಹೊಳೆಯ ತಿರುವನ್ನೂ ತೋರಿಸಿ

ತಲಕಾಡಿಗೆ ಮಕ್ಕಳನ್ನು ಪ್ರವಾಸ ಕರೆತರುವ ಉಪಾಧ್ಯಾಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೇಷ್ಟ್ರುಗಳೇ, ಮೇಡಂಗಳೇ,

ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾಯಿತೆಂದರೆ ನಿಮ್ಮ ಬಸ್ಸುಗಳು ನಮ್ಮ ಹೊಳೆಸೀಮೆಯ ಕಡೆ ಮುಖ ಮಾಡುತ್ತವೆ. ಸೋಮನಾಥಪುರ, ತಲಕಾಡು, ಶಿವನಸಮುದ್ರ: ಒಂದು ಹಗಲಿಗೆ ಮೂರು ಊರು, ನಡುವೆ ಒಂದು ಊಟ. ತಲಕಾಡಿನ ಪಾಲಿಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಮಕ್ಕಳು ಚಪ್ಪಲಿ ಕೈಗೆತ್ತಿಕೊಂಡು ಮರಳಿನಲ್ಲಿ ಕಾಲೆಳೆಯುತ್ತಾ ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಹೋಗುತ್ತಾರೆ. ಹಳ್ಳದಲ್ಲಿ ಕುಳಿತಂತಿರುವ ದೇವಸ್ಥಾನವನ್ನು ಮೇಲಿನಿಂದ ಇಣುಕಿ ನೋಡುತ್ತಾರೆ. ಅಷ್ಟರಲ್ಲಿ ಗೈಡ್ ಅಲಮೇಲಮ್ಮನ ಶಾಪ ಹೇಳಿ ಮುಗಿಸಿರುತ್ತಾರೆ. ಆಮೇಲೆ ಹೊಳೆ, ನೀರಾಟ, ಸೀಟಿ, ಬಸ್ಸು.

ಇದು ದೂರಲ್ಲ. ಕಥೆ ಹೇಳುವುದು ತಪ್ಪೆಂದು ನಾನು ಅನ್ನುವವನೂ ಅಲ್ಲ. ಹೊಳೆದಡದವರಾದ ನಾವು ಆ ಕಥೆ ಕೇಳಿಯೇ ಬೆಳೆದವರು. ನನ್ನದು ಇಷ್ಟೇ ಕೋರಿಕೆ: ಶಾಪ ಹೇಳಿ, ಆದರೆ ಪಾಠವನ್ನು ಅಲ್ಲಿಗೇ ಮುಗಿಸಬೇಡಿ. ಮಕ್ಕಳ ಕಾಲ ಕೆಳಗಿರುವ ಮರಳಿಗೂ ಎದುರಿಗೆ ಹರಿಯುವ ಹೊಳೆಗೂ ಏನು ಸಂಬಂಧ ಎನ್ನುವುದನ್ನು ಅಲ್ಲೇ ನಿಲ್ಲಿಸಿ ತೋರಿಸಿ. ಒಂದು ಭೂಗೋಳದ ಪಾಠ, ಒಂದು ವಿಜ್ಞಾನದ ಪಾಠ, ಒಂದು ಚರಿತ್ರೆಯ ಪಾಠ ಮೂರೂ ಒಂದೇ ಜಾಗದಲ್ಲಿ ಬಿದ್ದಿರುವ ಊರು ಕರ್ನಾಟಕದಲ್ಲಿ ಎಷ್ಟಿವೆ ಹೇಳಿ?

ಶಾಪದಲ್ಲಿ ಮೂರು ಮಾತಿವೆ ಎಂದು ನಿಮಗೆ ಗೊತ್ತೇ ಇದೆ. ತಲಕಾಡು ಮರಳಿನಲ್ಲಿ ಮುಚ್ಚಿಹೋಗಬೇಕು, ಎದುರು ದಡದ ಮಾಲಂಗಿಯಲ್ಲಿ ಹೊಳೆ ಆಳದ ಮಡುವಾಗಬೇಕು, ಮೈಸೂರಿನ ದೊರೆಗಳಿಗೆ ಮಕ್ಕಳಾಗಬಾರದು. ಈ ಮೂರನ್ನೂ ಒಂದೊಂದಾಗಿ ಬಿಡಿಸಿ. ಮೊದಲೆರಡು ಹೊಳೆಯ ಕಥೆ, ಮೂರನೆಯದು ಅರಮನೆಯ ಕಥೆ.

ಹೊಳೆಯಿಂದಲೇ ಶುರು ಮಾಡೋಣ. ಸಾಧ್ಯವಿದ್ದರೆ ಬಸ್ಸನ್ನು ಮೊದಲು ಮುಡುಕುತೊರೆಯಲ್ಲಿ ನಿಲ್ಲಿಸಿ. ಬೆಟ್ಟ ದೊಡ್ಡದಲ್ಲ, ಮಕ್ಕಳು ಓಡಿಯೇ ಹತ್ತುತ್ತಾರೆ. ಮೇಲೆ ಮಲ್ಲಿಕಾರ್ಜುನನ ಗುಡಿ, ಕೆಳಗೆ ಗದ್ದೆಬಯಲು, ಅದರಂಚಿನಲ್ಲಿ ಬಾಗಿ ಹೋಗುವ ಕಾವೇರಿ. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು ಮೈದುಂಬಿ ಬಂದ ಹೊಳೆ ಇಲ್ಲಿಂದ ಸ್ವಲ್ಪ ಮುಂದೆ, ತಲಕಾಡಿನ ಹತ್ತಿರ, ಚುರುಕಾಗಿ ಎಡಕ್ಕೆ ತಿರುಗಿ ಈಶಾನ್ಯದ ಶಿವನಸಮುದ್ರದ ಕಡೆ ಸಾಗುತ್ತದೆ. ತಿರುವಿನ ಒಳಮಗ್ಗುಲಲ್ಲಿ, ಎಡದಂಡೆಯ ಮೇಲೆ, ತಲಕಾಡು. ಅದರೆದುರು ಬಲದಂಡೆಯಲ್ಲಿ ಮಾಲಂಗಿ. ಈ ಚಿತ್ರ ತಲೆಯಲ್ಲಿ ಕೂತರೆ ಸಾಕು, ಉಳಿದದ್ದೆಲ್ಲ ಅದಾಗಿಯೇ ಅರ್ಥವಾಗುತ್ತದೆ.

ಹೊಳೆ ಇಲ್ಲಿ ಸೊಟ್ಟಗೆ ಹರಿಯುವುದನ್ನು ನಮ್ಮ ಹಿರಿಯರು ಗಮನಿಸದೆ ಬಿಟ್ಟಿರಲಿಲ್ಲ. ಈ ಕ್ಷೇತ್ರದ ಸುತ್ತ ಕಾವೇರಿ ನಾಲ್ಕು ದಿಕ್ಕಿಗೂ ಮುಖ ಮಾಡಿ ಹರಿಯುತ್ತಾಳೆ ಎನ್ನುವುದು ಇಲ್ಲಿನ ನಂಬಿಕೆ. ಪಂಚಲಿಂಗ ದರ್ಶನಕ್ಕೆ ಬರುವವರು ಅಲ್ಲಲ್ಲಿ ಮಿಂದು ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಎಂದು ಐದು ಲಿಂಗ ನೋಡಿಕೊಂಡು ಬರುತ್ತಾರೆ. ಕಾರ್ತಿಕ ಮಾಸದ ಅಮಾವಾಸ್ಯೆ, ಸೋಮವಾರ, ವಿಶಾಖಾ ನಕ್ಷತ್ರ ಎಲ್ಲ ಕೂಡಿಬರಬೇಕಾದ್ದರಿಂದ ಆ ದರ್ಶನ ವರ್ಷವರ್ಷ ನಡೆಯುವುದಿಲ್ಲ. 2009, 2013, 2020 ಹೀಗೆ ಬಿಟ್ಟುಬಿಟ್ಟು ಬರುತ್ತದೆ. ಒಬ್ಬ ಹುಡುಗನ ಕೈಗೆ ದಿಕ್ಸೂಚಿ ಕೊಟ್ಟು ಪ್ರತಿ ಗುಡಿಯ ಹತ್ತಿರ ಹೊಳೆ ಎತ್ತ ಹರಿಯುತ್ತಿದೆ ಎಂದು ಬರೆದುಕೊಳ್ಳಲು ಹೇಳಿ. ಯಾತ್ರಿಕರ ದಾರಿಯೇ ಹೊಳೆಯ ನಕ್ಷೆ ಬರೆದುಕೊಡುತ್ತದೆ.

ಈಗ ಮರಳಿನ ಪ್ರಶ್ನೆ. ಹೊಳೆ ತಿರುಗಿದಾಗ ಮೇಲ್ಪದರದ ವೇಗದ ನೀರು ಹೊರದಂಡೆಗೆ ಹೋಗಿ ಹಾಯುತ್ತದೆ, ಅಲ್ಲಿ ಮಣ್ಣನ್ನು ಕೊರೆಯುತ್ತದೆ. ತಳದ ನಿಧಾನದ ನೀರು ಒಳದಂಡೆಯ ಕಡೆ ಸರಿಯುತ್ತದೆ, ಜೊತೆಗೆ ಮರಳನ್ನೂ ತಳ್ಳಿಕೊಂಡು ಬಂದು ಅಲ್ಲಿ ಇಳಿಸುತ್ತದೆ. ಇದನ್ನು ಮಕ್ಕಳಿಗೆ ತೋರಿಸಲು ಪ್ರಯೋಗಾಲಯ ಬೇಕಿಲ್ಲ. ಗಾಜಿನ ಲೋಟದ ನೀರಿಗೆ ಒಂದು ಚಿಟಿಕೆ ಟೀಪುಡಿ ಹಾಕಿ, ಚಮಚದಿಂದ ಜೋರಾಗಿ ತಿರುಗಿಸಿ ಬಿಡಿ. ಸುತ್ತುವ ನೀರಿನಲ್ಲಿ ಪುಡಿ ಅಂಚಿಗೆ ಹೋಗಬೇಕೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಲೋಟದ ತಳದಲ್ಲಿ ನಡುವಿಗೆ ಬಂದು ಗುಡ್ಡೆಯಾಗುತ್ತದೆ. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ನದಿಗಳು ಯಾಕೆ ಡೊಂಕಾಗುತ್ತವೆ ಎಂದು ವಿವರಿಸಲು ಬರೆದ ಲೇಖನದಲ್ಲಿ ಬಳಸಿದ್ದು ಇದೇ ಟೀ ಎಲೆಯ ಉದಾಹರಣೆಯನ್ನು. ಲೋಟದ ನಡುವೆ ಕಾಣುವ ಗುಡ್ಡೆ ತಲಕಾಡು, ಲೋಟದ ಅಂಚು ಮಾಲಂಗಿ. ಒಳಮಗ್ಗುಲಿಗೆ ಮರಳು, ಹೊರಮಗ್ಗುಲಿಗೆ ಮಡು. ಶಾಪದ ಎರಡು ಮಾತುಗಳು ಒಂದೇ ತಿರುವಿನ ಎರಡು ದಂಡೆಗಳು ಎನ್ನುವುದು ಆಗ ಮಕ್ಕಳ ಕಣ್ಣಿಗೇ ಬೀಳುತ್ತದೆ.

ಆದರೆ ಹೊಳೆ ಮರಳನ್ನು ದಡದವರೆಗೆ ಮಾತ್ರ ತಂದೀತು. ದಡ ಹತ್ತಿಸಿ ಊರೊಳಗೆ ತಂದು ಗುಡಿಗಳ ಮೇಲೆ ಸುರಿದದ್ದು ಗಾಳಿ. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಬಯಲಾಗುತ್ತದೆ, ಬಿಸಿಲಿಗೆ ಒಣಗಿ ಹಗುರಾಗುತ್ತದೆ. ಮುಂಗಾರಿನ ನೈಋತ್ಯದ ಗಾಳಿ ಏಳುವುದು ಹೊಳೆ ತುಂಬುವುದಕ್ಕೆ ಮುಂಚೆ. ಆ ಗಾಳಿ ಹೊಳೆಯ ಪಾತ್ರವನ್ನು ದಾಟಿ ನೇರ ತಲಕಾಡಿನ ಮೇಲೆಯೇ ಬೀಸುತ್ತದೆ. ಬಿ.ಎಲ್. ರೈಸ್ ಸಿದ್ಧಪಡಿಸಿದ ಹಳೆಯ ಮೈಸೂರು ಗೆಜೆಟಿಯರನ್ನು ತೆಗೆದು ನೋಡಿ: ಹಳೇ ಊರು ಸುಮಾರು ಒಂದು ಮೈಲಿ ಉದ್ದದ ಮರಳುಗುಡ್ಡದ ಕೆಳಗೆ ಹೂತುಹೋಗಿದೆ, ಮರಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದಕ್ಕೆ ಬರುತ್ತಿದೆ, ಜನ ಮನೆ ಬಿಟ್ಟು ಹಿಂದೆ ಸರಿಯುತ್ತಿದ್ದಾರೆ ಎಂದಿದೆ. ಹತ್ತು ಅಡಿ ಎಂದರೆ ಎಷ್ಟೆಂದು ಮಕ್ಕಳಿಂದಲೇ ಹೆಜ್ಜೆ ಹಾಕಿಸಿ ಅಳೆಸಿ. ಒಬ್ಬ ಮನುಷ್ಯನ ಜೀವಮಾನದಲ್ಲಿ ಅದು ಎಷ್ಟು ದೂರವಾಯಿತು ಎಂದು ಲೆಕ್ಕ ಮಾಡಲಿ.

ಇಲ್ಲಿ ಒಬ್ಬ ಚೂಟಿ ಹುಡುಗಿ ಕೇಳಿಯೇ ಕೇಳುತ್ತಾಳೆ: ಹೊಳೆ ಮೊದಲಿನಿಂದಲೂ ತಿರುಗುತ್ತಿತ್ತು, ಗಾಳಿ ಮೊದಲಿನಿಂದಲೂ ಬೀಸುತ್ತಿತ್ತು, ಹಾಗಿದ್ದರೆ ಇಷ್ಟು ದೊಡ್ಡ ರಾಜಧಾನಿಯನ್ನು ಯಾರಾದರೂ ಇಲ್ಲಿ ಕಟ್ಟುತ್ತಿದ್ದರೇ? ಒಳ್ಳೆಯ ಪ್ರಶ್ನೆ. ಗಂಗರು ಕೋಲಾರದಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಎನ್ನುತ್ತಾರೆ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಮಂತ್ರಿಯಾಗಿದ್ದದ್ದು ಈ ಗಂಗರ ಬಳಿಯೇ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಬಂದರು. ತಲಕಾಡಿಗೆ ರಾಜರಾಜಪುರವೆಂದೂ ಎದುರಿನ ಮಾಲಂಗಿಗೆ ಜನನಾಥಪುರವೆಂದೂ ಹೆಸರಿಟ್ಟರು. ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಓಡಿಸಿ ಊರನ್ನು ಗೆದ್ದ. ಆ ಗೆಲುವು ಅವನಿಗೆ ಎಷ್ಟು ದೊಡ್ಡದಾಗಿತ್ತೆಂದರೆ ‘ತಲಕಾಡುಗೊಂಡ’ ಎಂಬ ಬಿರುದನ್ನು ಕನ್ನಡ ಅಕ್ಷರದಲ್ಲಿ ಚಿನ್ನದ ನಾಣ್ಯದ ಮೇಲೆ ಅಚ್ಚೊತ್ತಿಸಿದ. 1117ರ ಸುಮಾರಿಗೆ ಇಲ್ಲಿ ಕೀರ್ತಿನಾರಾಯಣನ ಗುಡಿ ಎದ್ದಿತು. ಹೊತ್ತಿಗೆ ಹೊತ್ತು ಮರಳು ಬೀಳುತ್ತಿದ್ದ ಜಾಗವಾಗಿದ್ದರೆ ಮೂರು ಮನೆತನಗಳು ಇದಕ್ಕಾಗಿ ಹೊಡೆದಾಡುತ್ತಿರಲಿಲ್ಲ. ಮರಳಿನ ಕಾಟ ಜೋರಾದದ್ದು ಆಮೇಲೆ.

ಆಮೇಲೆ ಏನಾಯಿತು? ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲಕ್ಕೆ, ತಲಕಾಡಿನ ಮೇಲುಭಾಗದಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಬಂತು. ಕಟ್ಟಿಸಿದವನ ಹೆಸರಿನಲ್ಲಿ ಅದು ಮಾಧವಮಂತ್ರಿ ಕಟ್ಟೆ. ಅದರ ನಾಲೆಯ ನೀರು ಇವತ್ತಿಗೂ ಗದ್ದೆಗಳಿಗೆ ಹರಿಯುತ್ತಿದೆ. ಈ ಕಟ್ಟೆಯ ಕಡೆ ಬೆರಳು ತೋರಿಸಿದವರು ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ. ಕಟ್ಟೆಯಿಂದ ಕೆಳಗೆ ಹೊಳೆಯ ಹರಿವು ಬದಲಾಗಿ ಮರಳು ಬಯಲಾಗತೊಡಗಿತು, ಗಾಳಿ ಅದನ್ನು ಊರಿಗೆ ಹೊತ್ತು ತಂದಿತು, ಆ ಪರಿಸರದ ಅನಾಹುತದ ಮೇಲೆ ಜನ ಶಾಪದ ಕಥೆಯನ್ನು ಹೊದಿಸಿದರು ಎನ್ನುವುದು ಅವರ ವಾದ. ಇದನ್ನು ಕೊನೆಯ ಮಾತೆಂದು ಹೇಳಬೇಡಿ, ವಾದ ಎಂದೇ ಹೇಳಿ. ಒಂದು ಘಟನೆಗೆ ಕಾರಣ ಹುಡುಕುವುದು ಹೇಗೆ, ಸಾಕ್ಷಿ ಕೂಡಿಸುವುದು ಹೇಗೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು.

ಇನ್ನೊಂದು ಸಾಕ್ಷಿ ನಿಮ್ಮ ತಲೆಯ ಮೇಲೆಯೇ ಇರುತ್ತದೆ. ವೈದ್ಯನಾಥೇಶ್ವರನ ಗುಡಿಯಿಂದ ಮುಂದೆ ಹೋಗುವ ದಾರಿಯ ಎರಡೂ ಕಡೆ ಇರುವ ಮರಗಳು ತಾವಾಗಿ ಹುಟ್ಟಿದವಲ್ಲ, ಮರಳನ್ನು ಹಿಡಿದು ನಿಲ್ಲಿಸಲೆಂದೇ ನೆಟ್ಟವು. ಬೇರು ಮರಳನ್ನು ಹಿಡಿಯುತ್ತದೆ, ಎಲೆ ಗಾಳಿಯ ಬಿರುಸನ್ನು ಮುರಿಯುತ್ತದೆ. ಹಿಂದೆ ವರ್ಷಕ್ಕೆ ಹತ್ತು ಅಡಿ ನಡೆಯುತ್ತಿದ್ದ ದಿಬ್ಬ ಈಗ ಇದ್ದಲ್ಲೇ ಇದೆ. ಶಾಪಕ್ಕೆ ಪರಿಹಾರವೆಂದರೆ ಹೋಮವೋ ಹರಕೆಯೋ ಇರಬಹುದು. ಕಾರಣ ಗೊತ್ತಾದರೆ ಸಸಿ ನೆಟ್ಟು ನಿಲ್ಲಿಸಬಹುದು. ಇಡೀ ಪ್ರವಾಸದಲ್ಲಿ ಮಕ್ಕಳು ಮನೆಗೆ ಒಯ್ಯಬೇಕಾದ ಮಾತು ಇದೊಂದೇ ಎಂದರೂ ಸರಿ.

ಎರಡನೆಯ ಮಾತಾದ ಮಡುವಿನ ವಿಚಾರದಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಲಕಾಡಿನ ದಂಡೆಯಲ್ಲಿ ನೀರು ಮೊಣಕಾಲು ಮಟ್ಟ, ಕೆಳಗೆ ನುಣುಪು ಮರಳು. ಎಂಥವರಿಗೂ ಇಳಿಯಬೇಕೆನಿಸುತ್ತದೆ. ಒಳಮಗ್ಗುಲಿನ ಗುಣವೇ ಅದು: ಮೆಲ್ಲಗೆ ಇಳಿಜಾರಾಗಿ ಹೋಗುತ್ತದೆ, ಮುಂದೆ ಎಲ್ಲಿ ಆಳವಾಯಿತೆಂದು ಕಾಲಿಗೆ ಗೊತ್ತಾಗುವುದೇ ಇಲ್ಲ. ಹೊಳೆಯಲ್ಲಿ ಮರಳು ತೆಗೆದ ಕಡೆ ಗುಂಡಿ ಬಿದ್ದಿರುತ್ತದೆ, ಮೇಲಿನಿಂದ ನೋಡಿದರೆ ನೀರೆಲ್ಲ ಒಂದೇ ಸಮ ಕಾಣುತ್ತದೆ. ಮೇಲ್ಗಡೆ ಕನ್ನಂಬಾಡಿಯಿದೆ, ಕಬಿನಿ ಅಣೆಕಟ್ಟೆಯಿದೆ. ಅಲ್ಲಿ ಗೇಟು ಎತ್ತಿದರೆ ಇಲ್ಲಿ ಮಳೆಯಿಲ್ಲದ ದಿನವೂ ನೀರು ಏರುತ್ತದೆ. ಈಜು ಬಲ್ಲ ದೊಡ್ಡವರೇ ಈ ಹೊಳೆಯಲ್ಲಿ ಮುಳುಗಿ ಹೋದದ್ದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ, ನಾವು ದಡದಲ್ಲಿ ನಿಂತು ಕಂಡಿದ್ದೇವೆ. ಎಚ್ಚರಿಕೆಯ ಬೋರ್ಡು ಓದಿಸಿ ಬಿಟ್ಟರೆ ಮಕ್ಕಳಿಗೆ ನಾಟುವುದಿಲ್ಲ. ಲೋಟದ ಟೀಪುಡಿ ನೋಡಿದ ಮಗುವಿಗೆ ಮಾತ್ರ ತಿರುವಿನ ಹೊಳೆಯಲ್ಲಿ ಕಾಣುವುದೊಂದು, ಇರುವುದೊಂದು ಎಂದು ಮನಸ್ಸಿಗೆ ಹತ್ತುತ್ತದೆ. ದಡದಲ್ಲಿ ಕಾಲು ತೋಯಿಸಿಕೊಂಡರೆ ಸಾಕು, ಯಾರೂ ಹೊಳೆಗೆ ಇಳಿಯುವುದು ಬೇಡ.

ಇನ್ನು ಮೂರನೆಯದು, ಮೈಸೂರು ದೊರೆಗಳ ವಿಚಾರ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತಮ್ಮ ಕೈಗೆ ತೆಗೆದುಕೊಂಡರು, ಅದೇ ವರ್ಷ ಅಲ್ಲಿ ದಸರಾ ಶುರು ಮಾಡಿದರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಯ ಕಾಯಿಲೆ ಬಿದ್ದು ತಲಕಾಡಿಗೆ ಬಂದಿದ್ದ. ಕಾಯಿಲೆಯವನು ಇಲ್ಲಿಗೇ ಯಾಕೆ ಬಂದ ಎನ್ನುವುದಕ್ಕೂ ಒಂದು ಕಥೆಯುಂಟು. ತಲ, ಕಾಡ ಎಂಬ ಇಬ್ಬರು ಬೇಡರು ಆನೆಗಳು ಪೂಜಿಸುತ್ತಿದ್ದ ಬೂರುಗದ ಮರಕ್ಕೆ ಕೊಡಲಿ ಹಾಕಿದರಂತೆ, ಮರದಿಂದ ನೆತ್ತರು ಚಿಮ್ಮಿತಂತೆ, ಅದೇ ಮರದ ಎಲೆ ಕಾಯಿ ಅರೆದು ಹಚ್ಚಿದಾಗ ಗಾಯ ಮಾಯಿತಂತೆ. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವ ಇಲ್ಲಿ ವೈದ್ಯನಾಥನಾದ. ಅವನ ಸನ್ನಿಧಿಗೆ ಬಂದ ತಿರುಮಲರಾಯ ಮಾತ್ರ ಉಳಿಯಲಿಲ್ಲ. ಅವನ ಹೆಂಡತಿ ಅಲಮೇಲಮ್ಮನ ಹತ್ತಿರವಿದ್ದ ಒಡವೆಗಾಗಿ ರಾಜ ಒಡೆಯರ ಆಳುಗಳು ಬಂದರು. ಆಕೆ ಆ ಮೂರು ಮಾತಿನ ಶಾಪ ಹಾಕಿ ಮಾಲಂಗಿಯೆದುರಿನ ಹೊಳೆಗೆ ಹಾರಿದಳು.

ಇಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಡಿ. ಗೈಡ್ ಹೇಳುವ ಕಥೆಯಲ್ಲಿ ಒಡವೆ ಶ್ರೀರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಬಳಸುತ್ತಿದ್ದದ್ದು, ಆದ್ದರಿಂದ ಅದನ್ನು ಕೇಳಿದ್ದು ನ್ಯಾಯವೇ ಎಂಬ ಧ್ವನಿಯಿರುತ್ತದೆ. ರೈಸ್ ಗೆಜೆಟಿಯರಿನಲ್ಲಿ ರಾಣಿಯ ಹೆಸರು ರಂಗಮ್ಮ. ಒಡವೆ ಆಕೆಯ ಸ್ವಂತದ್ದು, ರಾಜ ಒಡೆಯರಿಗೆ ಅದರ ಮೇಲೆ ಆಸೆಯಾಗಿತ್ತು, ಉಪಾಯದಿಂದ ಸಿಗದಿದ್ದಾಗ ದಂಡು ಬಂತು. ಎರಡು ಕಥೆಗಳಲ್ಲಿ ಏನೇನು ಬೇರೆ? ಯಾವುದು ಯಾರಿಗೆ ಅನುಕೂಲವಾಗಿ ಕಟ್ಟಿದ್ದು? ಏಳನೆಯ ಕ್ಲಾಸಿನ ಮಗುವೂ ಉತ್ತರ ಹೇಳಬಲ್ಲದು, ಕೇಳುವವರಿರಬೇಕು ಅಷ್ಟೆ.

ದೊರೆಗಳಿಗೆ ಮಕ್ಕಳಾಗಲಿಲ್ಲವೇ ಎಂದು ಮಕ್ಕಳು ಕೇಳಿದರೆ ನುಣುಚಿಕೊಳ್ಳದೆ ಪಟ್ಟಿಯನ್ನೇ ಮುಂದಿಡಿ. ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಚಾಮರಾಜೇಂದ್ರರಿಗೆ ಮಕ್ಕಳಿದ್ದರು, ಹಿರಿಯ ಮಗನೇ ನಾಲ್ವಡಿಯವರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, 1940ರಲ್ಲಿ ತಮ್ಮನ ಮಗ ಜಯಚಾಮರಾಜರಿಗೆ ಪಟ್ಟ ಬಂತು. ಜಯಚಾಮರಾಜರಿಗೆ ಮಗನಿದ್ದರು, ಆ ಮಗ ಶ್ರೀಕಂಠದತ್ತರಿಗೆ ಇರಲಿಲ್ಲ. 2015ರಲ್ಲಿ ಯದುವೀರರು ದತ್ತು ಬಂದರು, 2017ರಲ್ಲಿ ಅವರಿಗೆ ಮಗ ಹುಟ್ಟಿದ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ಎಂಬ ಮಾತು ಹುಟ್ಟಿದ್ದು ಹೀಗೆ. ಅದರ ಜೊತೆಗೇ ಇನ್ನೊಂದು ಪಟ್ಟಿಯನ್ನೂ ಇಡಿ: 1848ರಲ್ಲಿ ಸಾತಾರ, 1854ರಲ್ಲಿ ಝಾನ್ಸಿ ಮತ್ತು ನಾಗಪುರ. ಅಲ್ಲೆಲ್ಲ ದೊರೆಗೆ ಸ್ವಂತ ಮಗನಿಲ್ಲವೆಂದೇ ಡಾಲ್‌ಹೌಸಿ ರಾಜ್ಯಗಳನ್ನು ಕಂಪನಿಗೆ ಸೇರಿಸಿಕೊಂಡ. ಆ ಮನೆತನಗಳಿಗೆ ಯಾವ ಅಲಮೇಲಮ್ಮನೂ ಶಾಪ ಹಾಕಿರಲಿಲ್ಲ. ಹಿಂದುಸ್ಥಾನದ ಅರಮನೆಗಳಲ್ಲಿ ದತ್ತು ಎಷ್ಟು ಸಾಮಾನ್ಯವಾಗಿತ್ತು, ಮಗನಿಲ್ಲದಿರುವುದು ರಾಜಕೀಯವಾಗಿ ಎಷ್ಟು ದುಬಾರಿಯಾಗುತ್ತಿತ್ತು ಎನ್ನುವುದು ಆಗ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ತುದಿಗೆ ಹೋಗಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ‘ಇದೆಲ್ಲ ಮೂಢನಂಬಿಕೆ ಮಕ್ಕಳೇ’ ಎಂದು ಕೈ ಝಾಡಿಸಿಬಿಡುವ ಮೇಷ್ಟ್ರುಗಳನ್ನೂ ನಾನು ಕಂಡಿದ್ದೇನೆ. ಗೆದ್ದವರ ಚರಿತ್ರೆಯಲ್ಲಿ ಸೋತವನ ಹೆಂಡತಿಗೆ ಒಂದು ಸಾಲೂ ಸಿಗುವುದಿಲ್ಲ. ಅಲಮೇಲಮ್ಮನಿಗೆ ನಾನೂರು ವರ್ಷ ಜಾಗ ಸಿಕ್ಕಿದ್ದು ಜನರ ಬಾಯಲ್ಲಿ. ಗಂಡನನ್ನು ಕಳೆದುಕೊಂಡ ಹೆಂಗಸಿನ ಮೇಲೆ ಅಧಿಕಾರದ ದಂಡು ಬಂದದ್ದು ಅನ್ಯಾಯ ಎಂದು ಈ ಸೀಮೆಯ ಜನ ತೀರ್ಪು ಕೊಟ್ಟರು, ಆ ತೀರ್ಪಿಗೆ ಮರಳನ್ನೂ ಮಡುವನ್ನೂ ಸಾಕ್ಷಿ ಮಾಡಿಕೊಂಡರು. ಮೈಸೂರಿನ ಅರಮನೆಯೊಳಗೇ ಅಲಮೇಲಮ್ಮನ ಮೂರ್ತಿಗೆ ಪೂಜೆ ನಡೆಯುತ್ತದೆ ಎಂದರೆ ಆ ತೀರ್ಪು ಎಲ್ಲಿಯವರೆಗೆ ಮುಟ್ಟಿತು ನೋಡಿ. ಮರಳು ಯಾಕೆ ಬಂತೆಂದು ವಿಜ್ಞಾನ ಹೇಳುತ್ತದೆ. ಆ ಮರಳನ್ನು ನೋಡಿದ ಜನರಿಗೆ ಆಕೆಯೇ ಯಾಕೆ ನೆನಪಾದಳು ಎನ್ನುವುದನ್ನು ಕಥೆ ಮಾತ್ರ ಹೇಳಬಲ್ಲದು. ಮಕ್ಕಳಿಗೆ ಎರಡೂ ಬೇಕು.

ಹಾಗಾಗಿ ಈ ವರ್ಷ ಹೀಗೆ ಮಾಡಿ ನೋಡಿ. ಪಟ್ಟಿಯಿಂದ ಒಂದು ಊರನ್ನು ಕಡಿಮೆ ಮಾಡಿ, ತಲಕಾಡಿಗೆ ಅರ್ಧ ದಿನ ಕೊಡಿ. ಹೊರಡುವ ಹಿಂದಿನ ದಿನ ಕ್ಲಾಸಿನಲ್ಲಿ ಲೋಟದ ಪ್ರಯೋಗ ಮುಗಿಸಿಕೊಳ್ಳಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮುಡುಕುತೊರೆ ಬೆಟ್ಟ ಹತ್ತಿಸಿ, ಹೊಳೆಯ ತಿರುವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಆಮೇಲೆ ಮರಳಿಗೆ ಬನ್ನಿ, ಗುಡಿಗಳ ಹತ್ತಿರ ಕೂರಿಸಿ ಗೈಡಿನ ಕೈಲಿ ಕಥೆ ಹೇಳಿಸಿ. ಅವರು ಚೆನ್ನಾಗಿಯೇ ಹೇಳುತ್ತಾರೆ, ಹೊಟ್ಟೆಪಾಡೂ ಅದರಿಂದಲೇ ನಡೆಯಬೇಕು. ಕಥೆ ಮುಗಿದ ಮೇಲೆ ಮಾತು ನಿಮ್ಮದು. ಮಧ್ಯಾಹ್ನದ ಎಲೆ, ಪ್ಲಾಸ್ಟಿಕ್ ಲೋಟ ಯಾವುದನ್ನೂ ಹೊಳೆಗೆ ಬಿಡದೆ ಮೂಟೆ ಕಟ್ಟಿ ಬಸ್ಸಿಗೆ ಹಾಕಿಸಿ.

ವಾಪಸ್ಸು ಹೋಗುವಾಗ ಬಸ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿ: ತಲಕಾಡು ಮರಳಾದದ್ದು ಯಾಕೆ? ಶಾಪ ಎಂದ ಮಗುವಿಗೆ ಐದು ಅಂಕ ಕೊಡಿ, ಅದು ಕಥೆಯನ್ನು ಗಮನವಿಟ್ಟು ಕೇಳಿದೆ. ಗಾಳಿ, ಹೊಳೆಯ ತಿರುವು ಎಂದ ಮಗುವಿಗೆ ಏಳು ಕೊಡಿ. ‘ಕಟ್ಟೆ ಕಟ್ಟಿದವರಿಗೆ ಮುಂದೆ ಹೀಗಾಗುತ್ತದೆ ಎಂದು ಗೊತ್ತಿತ್ತಾ ಸಾರ್? ಈಗ ನಾವು ಹೊಳೆಯಿಂದ ಮರಳು ತೆಗೀತಾ ಇದ್ದೀವಲ್ಲ, ಮುಂದೆ ಏನಾಗುತ್ತೆ ಅಂತ ಯಾರಾದರೂ ನೋಡಿದ್ದಾರಾ?’ ಎಂದು ನಿಮ್ಮನ್ನೇ ತಿರುಗಿ ಕೇಳಿದ ಮಗುವಿಗೆ ಹತ್ತಕ್ಕೆ ಹತ್ತು ಕೊಡಿ. ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ವರ್ಷದ ಪ್ರವಾಸಕ್ಕೂ ಅದೇ ಮಗುವನ್ನು ಕರೆತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಹೊಳೆಸೀಮೆಯವನೊಬ್ಬ